ಮೇಸ್ತ್ರಿ ತಾತನ ಹುಬ್ಬು

ಮೇಸ್ತ್ರಿ ತಾತನಿಗೆ ಹುಬ್ಬಿರಲಿಲ್ಲ. ಹುಬ್ಬಿರಬೇಕಾದ ಜಾಗದಲ್ಲಿ ಬೆಂದು ಮಾಗಿದ ಚರ್ಮ ಬಾಳೆಹಣ್ಣಿನ ಸಿಪ್ಪೆಯ ಒಳಮೈಯ ಹಾಗೆ ನುಣ್ಣಗೆ ಇತ್ತು. ಹುಬ್ಬಿಲ್ಲದ ಮುಖವನ್ನು ಓದುವುದು ಎಂಥ ಫಜೀತಿ ಅಂತ ಅವರ ಎದುರು ಕೂತವರಿಗೇ ಗೊತ್ತು. ಬೈಯುತ್ತಿದ್ದಾರೋ, ಮೆಚ್ಚುತ್ತಿದ್ದಾರೋ, ನಮ್ಮನ್ನು ಇಟ್ಟುಕೊಂಡು ತಮಾಷೆ ಮಾಡುತ್ತಿದ್ದಾರೋ ಒಂದೂ ತಿಳಿಯುತ್ತಿರಲಿಲ್ಲ. ಅಂಗಡಿಗೆ ಬಂದ ಗಿರಾಕಿಗಳು ಅವರ ಮುಖ ನೋಡಿ, ಚೌಕಾಸಿ ಮಾಡಬೇಕೋ ಬೇಡವೋ ಎಂದು ಗೊತ್ತಾಗದೆ, ಕೇಳಿದಷ್ಟು ಕೊಟ್ಟು ಹೋಗುತ್ತಿದ್ದದ್ದೂ ಉಂಟು.

ಮದುವೆಗೆ ಹೋಗುವಾಗ ಮಾತ್ರ ಅವರಿಗೆ ಹುಬ್ಬು ಬರುತ್ತಿತ್ತು. ಅವರ ಹೆಂಡತಿ, ನಾನು ಅಜ್ಜಿ ಎಂದು ಕರೆಯುತ್ತಿದ್ದವರು, ಕಾಡಿಗೆ ಡಬ್ಬಿ ತೆಗೆದು ಬೆಂಕಿಕಡ್ಡಿಯ ತುದಿಯಲ್ಲಿ ಒಂದೊಂದೇ ಗೆರೆ ಎಳೆದು ಎರಡು ಹುಬ್ಬು ಬರೆಯುತ್ತಿದ್ದರು. ಹಾಗೆ ಬರೆಸಿಕೊಂಡ ತಾತ ಕುತ್ತಿಗೆ ಅಲ್ಲಾಡಿಸದೆ, ಬೆವರು ಒರೆಸದೆ, ಹೊಸ ಮದುವೆ ಗಂಡಿನ ಹಾಗೆ ಬಿಗಿಯಾಗಿ ನಡೆಯುತ್ತಿದ್ದರು. ದಿನಾ ಯಾಕೆ ಬರೆಸಿಕೊಳ್ಳಲ್ಲ ಎಂದು ಒಮ್ಮೆ ಕೇಳಿದ್ದೆ.

"ಮದುವೆಗೆ ಮಾತ್ರ ಪಾಪಾ. ಮಿಕ್ಕಿದ್ದಕ್ಕೆಲ್ಲ ಈ ಮೂತಿ ಸಾಕು" ಅಂದರು.

ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಅವರು ರೆಸ್ಕ್ಯೂ ತಂಡದ ಮೇಸ್ತ್ರಿ. ನೆಲದಡಿಯಲ್ಲಿ ಎಲ್ಲಾದರೂ ಹೊಗೆ ಕಂಡರೆ ಎಲ್ಲರೂ ಮೇಲಕ್ಕೆ ಓಡಿ ಬರುವಾಗ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕೆಳಕ್ಕೆ ಇಳಿಯುವವರು. ಗಣಿ ಮುಚ್ಚಿದ ಮೇಲೆ ಬಂದ ದುಡ್ಡಿನಲ್ಲಿ ರಾಬರ್ಟ್‌ಸನ್‌ಪೇಟೆಯ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸಣ್ಣ ಅಂಗಡಿ ಹಾಕಿದರು. ಗೋಡೆಗೆ ತಗುಲಿಹಾಕುತ್ತಾರಲ್ಲ, ಬೆಂಕಿ ಆರಿಸುವ ಕೆಂಪು ಸಿಲಿಂಡರು, ಅದನ್ನು ತುಂಬಿಸಿ, ಪರೀಕ್ಷೆ ಮಾಡಿ, ತೂಕ ತಾರೀಖು ಬರೆದ ಚೀಟಿ ಕಟ್ಟಿ ಕೊಡುವ ಅಂಗಡಿ. ಮನೆ ಉರಿಗಾಂನಲ್ಲಿ, ಗಣಿಯ ಹಳೆಯ ಲೈನ್ ಮನೆಗಳಲ್ಲಿ ಒಂದು. ಮನೆಮಾತು ತಮಿಳು. ಗಿರಾಕಿಯ ಹತ್ತಿರ ಕನ್ನಡ, ಚೌಕಾಸಿಗೆ ತೆಲುಗು, ಸಿಟ್ಟು ಬಂದರೆ ಮೂರೂ.

ನಮ್ಮದು ಬಂಗಾರಪೇಟೆ ಪಕ್ಕದ ಹಳ್ಳಿ. ಹಾಲಿನ ಮನೆ. ಅಪ್ಪ ಬೆಳಿಗ್ಗೆ ಡೈರಿಗೆ ಹಾಕಿ ಉಳಿದದ್ದನ್ನು ಟಿವಿಎಸ್ ಗಾಡಿಗೆ ಕಟ್ಟಿಕೊಂಡು ಪೇಟೆಯಲ್ಲಿ ದಿನಾ ಹಾಲು ಹಾಕಿಸಿಕೊಳ್ಳುವ ವರ್ತನೆ ಮನೆಗಳಿಗೆ ಕೊಡುತ್ತಿದ್ದರು. ಅದರಲ್ಲಿ ಮೇಸ್ತ್ರಿ ತಾತನ ಅಂಗಡಿಯೂ ಒಂದು. ನಾನು ಪಿಯುಸಿಗೆ ರಾಬರ್ಟ್‌ಸನ್‌ಪೇಟೆಗೆ ಸೇರಿದಾಗ ಅಪ್ಪ ನನ್ನನ್ನು ಕರೆದುಕೊಂಡು ಹೋಗಿ, "ಮೇಸ್ತ್ರಿಗಳೇ, ಬಸ್ ಬರೋಗಂಟ ನಮ್ ಅಮ್ಮಣ್ಣಿ ಇಲ್ಲೇ ಕುಂತಿರ್ತಾಳೆ. ವಸಿ ನೋಡ್ಕೊಳಿ" ಎಂದು ಒಪ್ಪಿಸಿದರು. ಹಾಲಿನ ಜೊತೆ ನಾನೂ ವರ್ತನೆಗೆ ಬಿದ್ದೆ.

ಕೂತಲ್ಲಿ ಸುಮ್ಮನೆ ಕೂರುವ ಜಾತಿ ನಾನಲ್ಲ. ನನ್ನ ಇಂಗ್ಲಿಷ್ ಅಕ್ಷರ ಗುಂಡಗಿತ್ತು, ತಾತನ ಅಕ್ಷರ ಕೋಳಿ ಕೆದರಿದ ಹಾಗಿತ್ತು. ಒಂದು ತಿಂಗಳಲ್ಲಿ ಚೀಟಿ ಬರೆಯುವ ಕೆಲಸ ನನ್ನದಾಯಿತು. ಅವರು ಒಂದೊಂದೇ ಸಿಲಿಂಡರನ್ನು ತೂಕದ ಕೊಕ್ಕೆಗೆ ನೇತುಹಾಕಿ ಕೂಗುವರು, ನಾನು ಬರೆಯುವೆ, ದಾರ ಕಟ್ಟುವೆ. ಅನಿಲ ತುಂಬಿದ ಸಿಲಿಂಡರಿನ ಕತ್ತಿನ ಮೇಲೆ ಅದರ ಖಾಲಿ ತೂಕ ಕೊರೆದಿರುತ್ತದೆ. ತೂಗಿದರೆ ಬರುವ ತೂಕದಲ್ಲಿ ಅದನ್ನು ಕಳೆದರೆ ಉಳಿಯುವುದೇ ಒಳಗಿರುವ ಮಾಲು. ಅಷ್ಟೇ ವಿದ್ಯೆ. ಆದರೆ ಆ ಅಷ್ಟರ ವಿಷಯದಲ್ಲಿ ತಾತ ಬ್ರಹ್ಮ ಬಂದು ಹೇಳಿದರೂ ಕೇಳುತ್ತಿರಲಿಲ್ಲ. "ಬಣ್ಣ ನೋಡಿ ನಂಬಬಾರದು ಪಾಪಾ, ಎತ್ತಿ ನೋಡಬೇಕು" ಎನ್ನುವುದು ಅವರ ಮಾತು. ತರಕಾರಿ ಅಂಗಡಿಯಲ್ಲೂ ಅದೇ ಮಾತು, ಎಲೆಕ್ಷನ್ನಿಗೆ ನಿಂತವರು ಕೈಮುಗಿದು ಬಂದಾಗಲೂ ಅದೇ ಮಾತು.

ಒಂದು ಶನಿವಾರ ಯಾವುದೋ ಕಲ್ಯಾಣ ಮಂಟಪದವರು ಹನ್ನೆರಡು ಸಿಲಿಂಡರ್ ತಂದು ಅರ್ಜೆಂಟು, ಅರ್ಜೆಂಟು ಎಂದು ತಲೆ ತಿನ್ನುತ್ತಿದ್ದರು. ತಾತ ಒಂಬತ್ತು ತೂಗಿ ಟೀ ಕುಡಿಯಲು ಎದ್ದರು. ಉಳಿದ ಮೂರೂ ಅದೇ ಬಣ್ಣ, ಅದೇ ಸೈಜು. ನನ್ನ ಬಸ್ಸಿಗೂ ಹೊತ್ತಾಗಿತ್ತು. ನಾನು ಅಂದಾಜಿನ ಮೇಲೆ ಮೂರು ಚೀಟಿ ಬರೆದು ಕಟ್ಟಿಬಿಟ್ಟೆ. ತಾತ ಬಂದರು. ಏನೂ ಕೇಳಲಿಲ್ಲ. ಬ್ಲೇಡು ತೆಗೆದುಕೊಂಡು ಹನ್ನೆರಡು ದಾರವನ್ನೂ ಕತ್ತರಿಸಿ, ಮೊದಲನೆಯದರಿಂದ ಮತ್ತೆ ತೂಗಲು ಶುರು ಮಾಡಿದರು. ಗಿರಾಕಿ ಕೂಗಾಡಿದ. ನನಗೆ ಎರಡು ಬಸ್ ತಪ್ಪಿದವು. ನಾನು ಕಟ್ಟಿದ ಮೂರರಲ್ಲಿ ಒಂದನ್ನು ಕೊಕ್ಕೆಗೆ ಹಾಕಿದ ಕೂಡಲೇ ಮುಳ್ಳು ಖಾಲಿ ತೂಕದ ಹತ್ತಿರವೇ ನಿಂತಿತು. ಎಲ್ಲೋ ಸೋರಿಹೋಗಿತ್ತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಗಿರಾಕಿ ಹೋದ ಮೇಲೆ ತಾತ ಸ್ಟೂಲಿನ ಮೇಲೆ ಕೂತು ತಮ್ಮ ಹಣೆ ಮುಟ್ಟಿ ತೋರಿಸಿದರು.

"ಇದು ಎಲ್ಲಿ ಸುಟ್ಟಿದ್ದು ಅಂತ ಊರವರು ಹೇಳ್ತಾರೆ?"

"ಗಣಿಯಲ್ಲಿ. ಯಾರನ್ನೋ ಕಾಪಾಡೋಕೆ ಹೋಗಿ."

"ನಾನು ಯಾವತ್ತಾದ್ರೂ ಹಾಗೆ ಹೇಳಿದ್ದೀನಾ?"

ಇಲ್ಲ. ಯೋಚಿಸಿದರೆ ಅವರು ಒಮ್ಮೆಯೂ ಹೇಳಿರಲಿಲ್ಲ. ಊರೇ ಕಥೆ ಕಟ್ಟಿತ್ತು. ನಿಜ ಏನೆಂದರೆ, ಅಂಗಡಿ ಹಾಕಿದ ಹೊಸದರಲ್ಲಿ ಆಂಡರ್ಸನ್‌ಪೇಟೆಯ ಒಂದು ಶಾಲೆಯಲ್ಲಿ ಮಕ್ಕಳಿಗೆ ಬೆಂಕಿ ಆರಿಸಿ ತೋರಿಸಲು ಕರೆದಿದ್ದರಂತೆ. ತಟ್ಟೆಯಲ್ಲಿ ಡೀಸೆಲ್ ಸುರಿದು ಹಚ್ಚಿ, ಬಗ್ಗಿ ಸಿಲಿಂಡರಿನ ಪಿನ್ನು ಎಳೆದಿದ್ದಾರೆ. ಒಳಗೆ ಏನೂ ಇಲ್ಲ. ಚೀಟಿ ಕಟ್ಟಿದ್ದವರು ಅವರೇ. ಹಿಂದಿನ ದಿನ ಹೊಸ ಬಣ್ಣ ನೋಡಿ ತೂಗದೆ ಕಟ್ಟಿದ್ದರು. ಅಷ್ಟರಲ್ಲಿ ಗಾಳಿ ತಿರುಗಿ ಉರಿ ಮುಖಕ್ಕೆ ಬಂತು. ಗೋಣಿಚೀಲ ಹಾಕಿ ಬಡಿದು ಆರಿಸಿದರಂತೆ. ಪುಣ್ಯಕ್ಕೆ ಮಕ್ಕಳು ದೂರದಲ್ಲಿದ್ದರು.

"ಇಪ್ಪತ್ತೆಂಟು ವರ್ಷ ಗಣಿಯಲ್ಲಿ ಇಳಿದೆ, ಒಂದು ಕೂದಲು ಸುಡಲಿಲ್ಲ. ಒಂದು ಚೀಟಿ ಸುಳ್ಳು ಬರೆದೆ, ಹುಬ್ಬು ಹೋಯ್ತು" ಅಂದರು. "ಮಕ್ಕಳು ಚಪ್ಪಾಳೆ ಬೇರೆ ಹೊಡೆದ್ರು ಪಾಪಾ, ಆಟ ಅಂದ್ಕೊಂಡು."

ಆವತ್ತು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅತ್ತೆ. ಅವಮಾನಕ್ಕೋ, ಅವರ ಮೇಲಿನ ಪ್ರೀತಿಗೋ ಈಗಲೂ ಗೊತ್ತಿಲ್ಲ. ಆದರೆ ಈ ಕೆಲಸವನ್ನು ಸರಿಯಾಗಿ ಕಲಿಯಬೇಕು ಎಂಬ ಹಟ ನನ್ನೊಳಗೆ ಕೂತದ್ದು ಆವತ್ತೇ.

ಎರಡನೇ ಪಿಯುಸಿಗೆ ಬಂದೆ. ಮುಂದೇನು ಎಂದು ಮನೆಯಲ್ಲಿ ಕೇಳಿದರೆ ಎಲ್ಲರ ಬಾಯಲ್ಲೂ ನರ್ಸಿಂಗು. ನನಗೋ ಬೆಂಕಿಯ ಹುಚ್ಚು. ಪೇಟೆಯಲ್ಲಿ ಒಂದು ಮಹಡಿಯ ಮೇಲೆ ಕೆಂಪು ಹೆಲ್ಮೆಟ್ಟಿನ ಹುಡುಗನ ಬ್ಯಾನರ್ ಕಟ್ಟಿದ್ದರು: ಆರು ತಿಂಗಳಲ್ಲಿ ಸರ್ಟಿಫಿಕೇಟು, ಕೆಲಸ ಗ್ಯಾರಂಟಿ, ವಿದೇಶವೂ ಉಂಟು. ನಾನು ಕುಣಿಯುತ್ತ ಬಂದು ತಾತನಿಗೆ ಹೇಳಿದೆ.

"ಎತ್ತಿ ನೋಡಿದ್ಯಾ?" ಅಂದರು.

"ಕೋರ್ಸನ್ನ ಹೇಗೆ ಎತ್ತಿ ನೋಡೋದು ತಾತಾ?"

"ಅದನ್ನ ಮಾಡಿದೋರು ಇರ್ತಾರಲ್ಲ, ಅವರನ್ನ ಎತ್ತಿ ನೋಡು."

ಮುಂದಿನ ಭಾನುವಾರವೇ ನನ್ನನ್ನು ಬಂಗಾರಪೇಟೆ ಸ್ಟೇಷನ್ನಿಗೆ ಕರೆದುಕೊಂಡು ಹೋದರು. ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವ ಅವರ ಪರಿಚಯದ ಹುಡುಗನೊಬ್ಬ ಆ ಆರು ತಿಂಗಳ ಕೋರ್ಸು ಮಾಡಿದ್ದ. ಕೆಲಸ ಹೇಗಿದೆಯಪ್ಪಾ ಎಂದು ತಾತ ಕೇಳಿದ್ದಕ್ಕೆ ಅವನು ನಕ್ಕ. "ಡ್ರೆಸ್ಸೇನೋ ಫೈರ್‌ದು ತಾತಾ. ಕೆಲಸ ಗೇಟತ್ರ ನಿಂತು ಕಾರ್‌ಗೆ ಬಾ ಬಾ, ರೈಟ್ ರೈಟ್ ಅನ್ನೋದು." ಅವನನ್ನು ನೋಡಿ ನಾನೂ ನಕ್ಕೆ. ಮನೆಗೆ ಹೋಗುವ ದಾರಿಯಲ್ಲಿ ನಗು ಇಳಿದುಹೋಯಿತು.

ಎರಡನೆಯವರು ಡಿಪ್ಲೊಮಾ ಮಾಡಿದ ಒಬ್ಬ ಸೂಪರ್‌ವೈಸರ್. ಬೇಗ ಕೆಲಸ ಸಿಕ್ಕಿತು, ಸಂಬಳಕ್ಕೆ ಮೋಸವಿಲ್ಲ, ಆದರೆ ಹತ್ತು ವರ್ಷದಿಂದ ಅದೇ ಕುರ್ಚಿ ಎಂದರು. ಮೂರನೆಯವರು ಮಾಲೂರಿನ ಕಡೆಯ ಒಂದು ಕಾರ್ಖಾನೆಯ ಫೈರ್ ಆಫೀಸರ್ ಮೇಡಂ. ತಮ್ಮ ಸಿಲಿಂಡರುಗಳ ಜೊತೆ ತಾತನ ಅಂಗಡಿಗೆ ತಾವೇ ಬರುತ್ತಿದ್ದರು, ಎದುರಿಗೆ ನಿಂತೇ ತೂಗಿಸುತ್ತಿದ್ದರು. ಅದಕ್ಕೇ ತಾತನಿಗೆ ಅವರೆಂದರೆ ಗೌರವ. ನಾಲ್ಕು ವರ್ಷದ ಫೈರ್ ಎಂಜಿನಿಯರಿಂಗ್ ಡಿಗ್ರಿ ಅಂತ ಒಂದಿದೆ ಎಂದು ನನಗೆ ಗೊತ್ತಾದದ್ದೇ ಅವರಿಂದ.

ಮೇಡಂ ಒಂದೂ ಮುಚ್ಚಿಡಲಿಲ್ಲ. "ಇದನ್ನ ಹೇಳಿಕೊಡೋ ಕಾಲೇಜುಗಳೇ ಕಡಿಮೆ. ನಾನು ಓದಿದ್ದು ಉತ್ತರದ ಕಡೆ, ಒಂದೂವರೆ ದಿನದ ರೈಲು. ಫೀಸು, ಹಾಸ್ಟೆಲ್ಲು, ಊಟ ಎಲ್ಲ ಸೇರಿ ಚೆನ್ನಾಗೇ ಆಗುತ್ತೆ. ಮುಗಿಸಿ ಬಂದಾಗ ಎರಡು ಕಡೆ, ಹೆಣ್ಣುಮಕ್ಕಳು ಬೇಡ ಅಂತ ಬಾಗಿಲಲ್ಲೇ ಕಳಿಸಿದ್ರು. ಮೊದಲ ಮೂರು ವರ್ಷ ಡಿಪ್ಲೊಮಾದವರಿಗಿಂತ ಹೆಚ್ಚೇನೂ ಸಿಗಲಿಲ್ಲ."

"ಆಮೇಲೆ?" ತಾತ ಕೇಳಿದರು.

"ಆಮೇಲೆ ಹೊಸ ಕಟ್ಟಡಕ್ಕೆ ನೀರಿನ ಪೈಪು ಎಲ್ಲಿ ಬರಬೇಕು, ಜನ ಯಾವ ಬಾಗಿಲಲ್ಲಿ ಓಡಬೇಕು ಅಂತ ಲೆಕ್ಕ ಹಾಕಿ ಸಹಿ ಮಾಡೋರು ಬೇಕಾಯ್ತು. ಅದಕ್ಕೆ ನಾನೇ ಬೇಕಾಯ್ತು."

ಮೇಡಂ ಹೋದ ಮೇಲೆ ತಾತ ಮೂರು ಖಾಲಿ ಚೀಟಿ ನನ್ನ ಮುಂದೆ ಹಾಕಿದರು. ಒಂದೊಂದು ಕೋರ್ಸಿಗೆ ಒಂದೊಂದು. "ಬರಿ. ಮೇಲೆ ಖಾಲಿ ತೂಕ. ಅಂದ್ರೆ ನಿಮ್ಮ ಮನೆಯಿಂದ ಏನು ಹೋಗುತ್ತೆ ಅದು. ದುಡ್ಡು ಮಾತ್ರ ಅಲ್ಲ, ವರ್ಷಾನೂ ಬರಿ, ನಿಮ್ಮಮ್ಮ ಕಣ್ಣೀರು ಹಾಕೋದನ್ನೂ ಬರಿ. ಕೆಳಗೆ ಹತ್ತು ವರ್ಷ ಆದ ಮೇಲೆ ನಿನ್ನ ಕೈಲಿ ಏನಿರುತ್ತೆ ಅದು. ಕಳೆದು ನೋಡು." ನಾನು ಬರೆದೆ. ಆರು ತಿಂಗಳದ್ದು ಹಗುರ, ಒಳಗೂ ಏನಿಲ್ಲ. ಡಿಪ್ಲೊಮಾದ್ದು ಸಮ. ಡಿಗ್ರಿಯ ಖಾಲಿ ತೂಕವೇ ಕೈ ಸೋಲಿಸುವಷ್ಟು. ಒಳಗಿನದು ಬೇರೆಲ್ಲಕ್ಕಿಂತ ಹೆಚ್ಚೇ ಇತ್ತು, ಆದರೆ ಅದು ಸಿಗುವುದು ಎಂದೋ.

"ಹಾಗಾದ್ರೆ ಯಾವುದು ತಾತಾ? ನೀವೇ ಹೇಳಿ."

"ತೂಕ ಹೇಳೋದು ನನ್ನ ಕೆಲಸ. ಹೊತ್ಕೊಂಡು ಹೋಗೋದು ನಿಂದು."

ಅವರ ಮುಖ ನೋಡಿದೆ. ಹೋಗು ಅನ್ನುತ್ತಿದೆಯೋ ಬೇಡ ಅನ್ನುತ್ತಿದೆಯೋ, ಆ ನುಣ್ಣನೆಯ ಹಣೆಯಲ್ಲಿ ಒಂದಕ್ಷರ ಇರಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

ಮನೆಯಲ್ಲಿ ಹೇಳಿದೆ. ಅಪ್ಪನ ಲೆಕ್ಕವೆಲ್ಲ ಹಸುವಿನಲ್ಲಿ. ಅಕ್ಕನ ಮದುವೆ ಅವರ ಬಾಯಲ್ಲಿ ಯಾವತ್ತೂ ಐದು ಹಸುವಿನ ಮದುವೆ. ಚೀಟಿ ಓದಿಸಿಕೊಂಡು ಬೆರಳು ಮಡಚಿ, "ಏಳು ಸೀಮೆ ಅಸ ಆಯ್ತದಲ್ಲಮ್ಮಿ! ಕೊಟ್ಟಿಗೇಲಿರೋದೇ ಆರು. ಬೆಂಕಿ ಆರ್ಸೋಕೆ ನಾಕ್ ವರ್ಸ ಓದ್ಬೇಕಾ? ಒಂದ್ ಬಿಂದಿಗೆ ನೀರ್ ಸಾಲ್ದಾ?" ಅಂದರು. ಅಮ್ಮ ಮುಖ ತಿರುಗಿಸಿ ಒಲೆ ಊದಿದರು. ಅರ್ಜಿ ಹಾಕಲು ಇನ್ನು ಹತ್ತು ದಿನವಿತ್ತು. ನಾನು ಊಟ ಬಿಟ್ಟೆ, ಅಂದರೆ ಒಂದು ಹೊತ್ತು ಬಿಟ್ಟೆ. ರಾತ್ರಿ ಮುದ್ದೆ ಬಸ್ಸಾರು ಮಾಡಿದ್ದರು, ಹಟ ನಿಲ್ಲಲಿಲ್ಲ.

ಇಲ್ಲಿ ಚಿಕ್ಕಪ್ಪನ ವಿಷಯ ಹೇಳಬೇಕು. ಅಪ್ಪನ ಒಬ್ಬನೇ ತಮ್ಮ. ಎರಡು ಮನೆಗೂ ನಡುವೆ ಒಂದೇ ಗೋಡೆ, ಆದರೆ ಅಣ್ಣ ತಮ್ಮಂದಿರು ಮಾತಾಡಿ ಆರು ವರ್ಷವಾಗಿತ್ತು. ಆರು ವರ್ಷದ ಹಿಂದೆ ಬೋರಿನ ನೀರಿಗೆ ಇಬ್ಬರಿಗೂ ಜಗಳವಾಗಿ, ಅದೇ ವಾರ ನಮ್ಮ ರಾಗಿ ಹುಲ್ಲಿನ ಬಣವೆ ಸುಟ್ಟು ಬೂದಿಯಾಯಿತು. ನಮ್ಮ ಕಡೆ ಬಣವೆ ಸುಟ್ಟರೆ ಯಾಕೆ ಸುಟ್ಟಿತು ಅಂತ ಯಾರೂ ಕೇಳುವುದಿಲ್ಲ, ಯಾರು ಸುಟ್ಟರು ಅಂತಲೇ ಕೇಳುವುದು. ಹೊಟ್ಟೆಕಿಚ್ಚಿನವರು ಇರಬೇಕು, ದ್ವೇಷದವರು ಇರಬೇಕು. ಅಪ್ಪನಿಗೆ ಹುಡುಕಿಕೊಂಡು ದೂರ ಹೋಗಬೇಕಾಗಲಿಲ್ಲ. "ಒಡಹುಟ್ಟಿದೋನೇ ಕಡ್ಡಿ ಗೀರ್ದ" ಎಂದು ಊರ ಮುಂದೆ ಕೂಗಿದರು. ಚಿಕ್ಕಪ್ಪ ಅಲ್ಲ ಎಂದು ಒಮ್ಮೆ ಹೇಳಿದ, ಆಮೇಲೆ ಬಾಯಿ ಮುಚ್ಚಿಕೊಂಡ. ಅಮ್ಮ, ಚಿಕ್ಕಮ್ಮ ಮಾತ್ರ ನಲ್ಲಿಯ ಹತ್ತಿರ ಮಾತಾಡುವರು, ಹೊಸ್ತಿಲು ದಾಟಿದರೆ ಗುರುತೇ ಇಲ್ಲದವರ ಹಾಗೆ ಇರುವರು.

ನನ್ನ ಗೋಳು ತಡೆಯಲಾರದೆ ತಾತ ಒಂದು ಭಾನುವಾರ ಅಪ್ಪನ ಗಾಡಿಯ ಹಿಂದೆ, ಖಾಲಿ ಹಾಲಿನ ಕ್ಯಾನುಗಳ ನಡುವೆ ಕೂತು ನಮ್ಮೂರಿಗೆ ಬಂದರು. ಅಪ್ಪ ಟೀ ಕೊಡಿಸಿ, ಕೈಮುಗಿದು, "ಮೇಸ್ತ್ರಿಗಳೇ, ನಿಮ್ ಮಾತಿಗೆ ಇಲ್ಲ ಅನ್ನೋಕಾಗಲ್ಲ. ಅದ್ಕೇ ಕೇಳ್ಬ್ಯಾಡಿ" ಅಂದರು. ತಾತ ಕೇಳಲೂ ಇಲ್ಲ. ಅವರ ಗಮನ ಬೇರೆಲ್ಲೋ ಇತ್ತು. ಮೂಗೆತ್ತಿ ಗಾಳಿ ಮೂಸಿದರು.

"ಬೆಲ್ಲ ಕಾಯಿಸ್ತಿದ್ದೀರಾ?"

"ಇಲ್ವಲ್ಲಾ."

ತಾತ ಟೀ ಲೋಟ ಇಟ್ಟು ಹಿತ್ತಲಿಗೆ ನಡೆದರು. ಅಲ್ಲಿ ಹೊಸ ಬಣವೆ ಇತ್ತು. ಆ ವರ್ಷ ಚೆನ್ನೈ ಕಡೆ ಚಂಡಮಾರುತ ಎದ್ದು, ರಾಗಿ ಕುಯ್ದ ಹೊತ್ತಿಗೆ ನಮ್ಮ ಕಡೆ ನಾಲ್ಕು ದಿನ ಜಡಿ ಹಿಡಿದಿತ್ತು. ಹುಲ್ಲು ಪೂರ್ತಿ ಒಣಗುವ ಮೊದಲೇ ಒಟ್ಟಿದ್ದರು. ತಾತ ಕಬ್ಬಿಣದ ಹಾರೆ ಕೇಳಿ ಈಸಿಕೊಂಡು ಬಣವೆಯ ಹೊಟ್ಟೆಗೆ ಉದ್ದಕ್ಕೂ ಚುಚ್ಚಿದರು. ಒಂದು ಬೀಡಿ ಸೇದುವಷ್ಟು ಹೊತ್ತು ಬಿಟ್ಟು ಹೊರಗೆಳೆದು, "ತುದಿ ಮುಟ್ಟಿ" ಅಂದರು.

ಅಪ್ಪ ಹಿಡಿದವರೇ "ಅಯ್ಯಪ್ಪಾ!" ಎಂದು ಕೈ ಕೊಡವಿದರು. "ಒಲೇಲಿಟ್ಟು ತೆಗ್ದಂಗೈತೆ!"

"ಒಳಗೆ ಬೆಂಕಿ ಯಾರು ಹಚ್ಚಿದ್ರು?"

ಅಪ್ಪ ಸುಟ್ಟ ಬೆರಳನ್ನು ಪಂಚೆಗೆ ಒತ್ತಿಕೊಳ್ಳುವಷ್ಟರಲ್ಲಿ ತಾತನೇ ಹೇಳಿದರು:

"ಯಾರೂ ಹಚ್ಚಿಲ್ಲ. ಹಸಿ ಹುಲ್ಲು ಒತ್ತಿ ಒಟ್ಟಿದ್ರೆ ತಾನೇ ಕಾವು ಕಟ್ಟುತ್ತೆ, ಬೆಲ್ಲ ಕಾಯಿಸಿದ ವಾಸನೆ ಬರುತ್ತೆ. ಇನ್ನು ಒಂದೆರಡು ದಿನ ಬಿಟ್ರೆ ತಾನೇ ಹತ್ತಿಕೊಳ್ಳುತ್ತೆ. ಬಿಚ್ಚಬೇಕು. ಆದ್ರೆ ಸುಮ್ಮನೆ ಬಿಚ್ಚಿದ್ರೆ ಗಾಳಿ ನುಗ್ಗಿ ಈಗಲೇ ಉರಿಯುತ್ತೆ. ನೀರು ಬೇಕು, ಬಿಂದಿಗೆ ಸಾಲದು. ಪೈಪು ಯಾರ ಹತ್ರ ಇದೆ?"

ಬಣವೆಗೆ ಎಟುಕುವ ಪೈಪು ಇದ್ದದ್ದು ಚಿಕ್ಕಪ್ಪನ ಹತ್ತಿರ ಮಾತ್ರ. ಅಪ್ಪ ನೆಲ ನೋಡಿದರು. ನಾನು ಯಾರ ಅಪ್ಪಣೆಗೂ ಕಾಯದೆ ಓಡಿದೆ. ಆರು ವರ್ಷದ ಮೇಲೆ ಆ ಮನೆಯ ಹೊಸ್ತಿಲು ದಾಟಿ, "ಚಿಕ್ಕಪ್ಪಾ, ಬಣವೆ!" ಎಂದಷ್ಟೇ ಕೂಗಿದೆ. ಉಣ್ಣುತ್ತ ಕೂತಿದ್ದವನು ಎಂಜಲು ಕೈಯಲ್ಲೇ ಪೈಪು ಎಳೆದುಕೊಂಡು ಬಂದ. ಮೋಟಾರು ಹಾಕಿದರು. ತಾತ ನಿಂತು ಹೇಳುತ್ತ ಹೋದರು, ಅಣ್ಣ ತಮ್ಮ ಇಬ್ಬರೂ ಮೇಲಿನಿಂದ ಹುಲ್ಲು ತೆಗೆಯುತ್ತ ಬಂದರು, ನಾನು ಪೈಪು ಹಿಡಿದೆ. ಒಳಗಿನ ಹುಲ್ಲು ಕಾಫಿಪುಡಿಯ ಬಣ್ಣಕ್ಕೆ ತಿರುಗಿತ್ತು. ಇನ್ನೂ ಒಳಗೆ ಕರ್ರಗೆ. ಆ ಕಪ್ಪು ಹೊರಗೆ ಬಂದದ್ದೇ ಹೊಗೆ ಎದ್ದು ಬುಸ್ಸೆಂದು ಒಂದು ಉರಿ ನಾಲಿಗೆ ಕಾಣಿಸಿತು. "ಬುಡಕ್ಕೆ ಪಾಪಾ, ಬುಡಕ್ಕೆ ಹಿಡಿ!" ಎಂದು ತಾತ ಕೂಗಿದರು. ಹಿಡಿದೆ. ಆರಿತು.

ಎಲ್ಲ ಮುಗಿದ ಮೇಲೆ ಅಪ್ಪ ಒಂದು ಹಿಡಿ ಕರೀ ಹುಲ್ಲು ಹಿಡಿದುಕೊಂಡು ನೀರಿನ ರೊಚ್ಚೆಯಲ್ಲಿ ನಿಂತೇ ಇದ್ದರು.

"ಆವತ್ತೂ ಮಳೆ ಬಂದಿತ್ತು ಅಲ್ವೇನ್ಲಾ?" ತಮ್ಮನನ್ನು ಕೇಳಿದರು. ಆರು ವರ್ಷದಲ್ಲಿ ಅದೇ ಮೊದಲ ಮಾತು.

"ಬಂದಿತ್ತಣ್ಣ. ಉಲ್ಲು ಅಸಿ ಐತೆ, ಇನ್ನೆಲ್ಡ್ ದಿನ ಬುಡು ಅಂದೆ. ನೀನ್ ಕೇಳ್ಲಿಲ್ಲ."

"ನಾನ್ ಕೇಳ್ಲಿಲ್ಲ ಕಣ್ಲಾ" ಅಂದರು ಅಪ್ಪ. "ಆರ್ ವರ್ಸ... ನಾನ್ ಎಂಥೋನ್ಲಾ?" ಎಂದವರು ಅಲ್ಲೇ ಕುಕ್ಕರಗಾಲಲ್ಲಿ ಕೂತು ಮಗುವಿನ ಹಾಗೆ ಅತ್ತರು. ಚಿಕ್ಕಪ್ಪ ಅಣ್ಣನ ಬೆನ್ನ ಮೇಲೆ ಮಸಿ ಹತ್ತಿದ ಒದ್ದೆ ಕೈ ಇಟ್ಟ. ನಾವೆಲ್ಲ ಅತ್ತೆವು. ತಾತ ಮಾತ್ರ ಹಾರೆ ಒರೆಸುತ್ತ ನಿಂತಿದ್ದರು.

ಸ್ವಲ್ಪ ಹೊತ್ತಾದ ಮೇಲೆ ಅಪ್ಪ ಮುಖ ತೊಳೆದು ಬಂದು ಕೇಳಿದರು: "ಮೇಸ್ತ್ರಿಗಳೇ, ಆ ಕಾಲೇಜ್ನಾಗೆ ಇದ್ನೆಲ್ಲ ಯೋಳ್ಕೊಡ್ತಾರಾ?"

"ನನಗೆ ಇದು ಕೈಗೆ ಗೊತ್ತು, ಮೂಗಿಗೆ ಗೊತ್ತು. ಯಾಕೆ ಹೀಗೆ ಅಂತ ಗೊತ್ತಿಲ್ಲ. ಅಲ್ಲಿ ಯಾಕೆ ಅಂತ ಹೇಳಿಕೊಡ್ತಾರೆ" ಎಂದರು ತಾತ. ಅಷ್ಟೇ. ಕಳಿಸಿ ಅನ್ನಲಿಲ್ಲ, ಬೇಡ ಅನ್ನಲಿಲ್ಲ.

ಅಪ್ಪ ಕೊಟ್ಟಿಗೆ ಕಡೆ ನೋಡಿ, "ಯಾಕೆ ಅಂತ ಕೇಳೋರ್ ಒಬ್ರು ಮನೇಲಿ ಇದ್ದಿದ್ರೆ ನನ್ ತಮ್ಮ ಮನೇಲೇ ಇರ್ತಿದ್ದ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಅರ್ಜಿ ಆಕಮ್ಮಿ. ಅತ್ಲಾಗೆ ಏಳ್ ಅಸ ಓದ್ರೆ ಓಗ್ಲಿ" ಅಂದರು.

"ಏಳ್ರಲ್ಲಿ ಎಲ್ಡು ನಂದು" ಎಂದ ಚಿಕ್ಕಪ್ಪ.

ಹಸು ಮಾರುವ ಪ್ರಸಂಗ ಪೂರ್ತಿ ಬರಲಿಲ್ಲ, ಬ್ಯಾಂಕಿನ ಸಾಲ ಸಿಕ್ಕಿತು. ಎರಡು ಮಾತ್ರ ಹೋದವು. ಒಂದು ನಮ್ಮ ಕೊಟ್ಟಿಗೆಯದು, ಒಂದು ಚಿಕ್ಕಪ್ಪನದು.

ಹೊರಡುವ ದಿನ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಇಡೀ ಮನೆ ನೆರೆದಿತ್ತು. ರೈಲು ಬರುವ ಹೊತ್ತಿಗೆ ಓವರ್ ಬ್ರಿಡ್ಜಿನ ಮೆಟ್ಟಿಲು ಇಳಿದು ತಾತ ಬಂದರು. ನೋಡಿದರೆ, ಹುಬ್ಬು! ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯ ಮೇಲೆ ಎರಡು ದಪ್ಪ ಕಾಡಿಗೆ ಹುಬ್ಬು. ಬೆವರಿಗೆ ಎಡಗಡೆಯದು ಆಗಲೇ ಕಿವಿಯ ಕಡೆ ಇಳಿಯುತ್ತಿತ್ತು. ಜನ ತಿರುಗಿ ತಿರುಗಿ ನೋಡುತ್ತಿದ್ದರು. ನನಗೆ ಅಳುವಿನ ನಡುವೆ ನಗು ತಡೆಯಲಾಗಲಿಲ್ಲ.

"ತಾತಾ, ಇವತ್ತು ಯಾರ ಮದುವೆ?"

"ಸುಮ್ನೆ ಹತ್ತು ಪಾಪಾ, ರೈಲು ಹೋಗುತ್ತೆ" ಎಂದು ಗದರಿದರು. ದಾರಿಯಲ್ಲಿ ಯಾರದೋ ಮದುವೆ ಮುಗಿಸಿಕೊಂಡು ಬಂದಿರಬೇಕು ಅಂದುಕೊಂಡೆ. ಆಮೇಲೆ ಮರೆತೇಬಿಟ್ಟೆ.

ಆ ಮೇಡಂ ಹೇಳಿದ್ದು ಒಂದೂ ಸುಳ್ಳಾಗಲಿಲ್ಲ. ಓದು ಮುಗಿಸಿ ಬಂದಾಗ ನನ್ನನ್ನೂ ಒಂದು ಕಡೆ ಬಾಗಿಲಲ್ಲೇ ಕಳಿಸಿದರು. ಮೊದಲ ವರ್ಷಗಳ ಸಂಬಳ ಕೇಳಿ ಅಪ್ಪ, "ಇದ್ಕಿಂತ ಆಲ್ ಮಾರೋದೇ ವಾಸಿ" ಎಂದು ರೇಗಿಸಿದರು. ಈಗ ಸಾಲ ತೀರಿದೆ. ಬಂಗಾರಪೇಟೆಯಿಂದಲೇ ಓಡಾಡುತ್ತ ಒಂದು ಕಾರ್ಖಾನೆಯಲ್ಲಿ ಫೈರ್ ಆಫೀಸರ್ ಆಗಿದ್ದೇನೆ. ಈ ಡಿಗ್ರಿ ಮಾಡಿ ಎಂದು ನಾನೂ ಯಾರಿಗೂ ಹೇಳುವುದಿಲ್ಲ, ಕೇಳಿದವರಿಗೆ ಎರಡು ತೂಕವನ್ನೂ ಹೇಳುತ್ತೇನೆ. ನನ್ನ ಸಹಿ ಬಿದ್ದ ಮೊದಲ ಚೀಟಿಯ ಸಿಲಿಂಡರನ್ನು ಸಂಭ್ರಮದಿಂದ ತಾತನಿಗೆ ತೋರಿಸಲು ಒಯ್ದಾಗ ಅವರು ಓದದೆ, ನೇರ ಕೊಕ್ಕೆಗೆ ನೇತುಹಾಕಿ ತೂಗಿದರು. ಮುಳ್ಳು ನಿಂತ ಕಡೆ ನೋಡಿ, "ಸೆರಿ" ಅಂದರು. ನನಗೆ ಸಿಕ್ಕ ಯಾವ ಸರ್ಟಿಫಿಕೇಟಿನಲ್ಲೂ ಅಷ್ಟು ದೊಡ್ಡ ಮಾತಿಲ್ಲ. ಅತ್ತ ಅಪ್ಪನೋ, ಸುಗ್ಗಿ ಮುಗಿದ ಕೂಡಲೇ ಹಾರೆ ಹಿಡಿದು ಊರವರ ಬಣವೆಗಳಿಗೆಲ್ಲ ಚುಚ್ಚಿಕೊಂಡು ತಿರುಗುತ್ತಾರೆ. ಜೊತೆಗೆ ಚಿಕ್ಕಪ್ಪ. ಡಿಗ್ರಿ ಯಾರು ಮಾಡಿದ್ದು ಅಂತಲೇ ಊರಿಗೆ ಅನುಮಾನ.

ಹೋದ ವರ್ಷ ಒಂದು ಮಧ್ಯಾಹ್ನ, ಊಟ ಮಾಡಿ ಮಲಗಿದ ತಾತ ಏಳಲಿಲ್ಲ. ಅಪ್ಪನ ಗಾಡಿಯ ಹಿಂದೆ ಕೂತು ಉರಿಗಾಂಗೆ ಹೋದಾಗ ಲೈನ್ ಮನೆಗಳ ಮುಂದೆ ಜನವೋ ಜನ. ಒಳಗೆ ಅಜ್ಜಿ ಅವರ ತಲೆಯ ಹತ್ತಿರ ಕೂತಿದ್ದರು. ಕೈಯಲ್ಲಿ ಕಾಡಿಗೆ ಡಬ್ಬಿ. ನನ್ನನ್ನು ಕಂಡು ಅದನ್ನು ನನ್ನ ಕಡೆ ಚಾಚಿದರು.

"ನನ್ನ ಕೈ ನಡುಗುತ್ತೆ. ನೀನೇ ಬರಿ, ಕಣ್ಣಮ್ಮಾ."

"ಮದುವೆಗೆ ಮಾತ್ರ ಅಂತಿದ್ರಲ್ಲ ಅಜ್ಜಿ" ಅಂದೆ.

"ಹೌದು. ಮದುವೆ ಬಿಟ್ಟು ಒಂದೇ ಸಲ ಬರೆಸಿಕೊಂಡ್ರು. ನಿನ್ನ ರೈಲಿನ ದಿನ. ಕೋಳಿ ಕೂಗೋ ಮುಂಚೆ ನನ್ನ ಎಬ್ಬಿಸಿದ್ರು. ಯಾಕೆ, ಯಾರ ಮದುವೆ ಅಂತ ನಾನೂ ಬೈದೆ. 'ಆ ಪಾಪಾ ಎರಡು ವರ್ಷದಿಂದ ನನ್ನ ಮೂತಿ ನೋಡ್ತಾ ಇದೆ, ಏನೂ ಸಿಗಲಿಲ್ಲ ಅದಕ್ಕೆ. ನನಗೆ ಎಷ್ಟು ಸಂತೋಷ ಅಂತ ಇವತ್ತಾದ್ರೂ ಕಾಣಲಿ' ಅಂದ್ರು."

ನಾನು ಬೆಂಕಿಕಡ್ಡಿಯ ತುದಿಯನ್ನು ಕಾಡಿಗೆಯಲ್ಲಿ ಅದ್ದಿದೆ. ಒಂದೊಂದೇ ಗೆರೆ ಎಳೆದು, ಎರಡು ಹುಬ್ಬನ್ನೂ ನಗುವವರಿಗೆ ಇರುತ್ತದಲ್ಲ ಹಾಗೆ, ಸ್ವಲ್ಪ ಮೇಲಕ್ಕೆತ್ತಿ ಬರೆದೆ.